ನಾಲ್ಕು ಹೆಜ್ಜೆಯ ಪರೀಕ್ಷೆ

ಮಗುವಿನ ಕಾಲು ಉಳುಕಿದರೆ? ಈ ಒಂದು ಪ್ರಶ್ನೆ ಅವಳ ತಲೆಯೊಳಗೆ ಗೂಟ ಹೊಡೆದುಕೊಂಡು ಕೂತು ವಾರವಾಗಿತ್ತು. ಮಗಳು ನಡೆಯಲು ಕಲಿತು ಆದದ್ದೂ ಅಷ್ಟೇ ದಿನ! ಅಷ್ಟರಲ್ಲಿ ತಾಯಿ ಪಾದದ ಹರಡಿನ ಕೀಲು, ಲಿಗಮೆಂಟು, ಅದು ಎಳೆದರೇನು, ಹರಿದರೇನು ಎಂದೆಲ್ಲ ಮೊಬೈಲಿನಲ್ಲಿ ಓದಿ ಅರ್ಧ ಡಾಕ್ಟರಾಗಿದ್ದಳು.

"ನೋಡ್ತಾ ಇರಿ, ಈ ಮನೇಲಿ ಯಾರ ಕಾಲೂ ಉಳುಕೋಕೆ ನಾನು ಬಿಡಲ್ಲ!" ಎಂದು ಗಂಡನೆದುರು ಘೋಷಿಸಿ, ನೆಲಕ್ಕೆಲ್ಲ ಫೋಮಿನ ಚಾಪೆ ಹಾಸಿದಳು. ಚಾಪೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ದಿಂಬು. ಮಗು ಈ ಮೆತ್ತನೆಯ ಸಾಮ್ರಾಜ್ಯವನ್ನು ಮಹಾರಾಣಿಯ ಗತ್ತಿನಲ್ಲಿ ದಾಟಿತು. ಹಿಂದೆಯೇ ಕೈ ಚಾಚಿಕೊಂಡು ಓಡಿದ ತಾಯಿ, ದಿಂಬಿನಂಚಿನಲ್ಲಿ ಬಲಗಾಲು ಹೊರಳಿ ಧೊಪ್ಪೆಂದು ಬಿದ್ದಳು!

ಗಂಡ ಅಡುಗೆಮನೆಯಿಂದ ಓಡಿಬಂದ. "ಏನಾಯ್ತೇ?"

"ಮೊದಲು ಮಗು ನೋಡ್ರೀ!"

"ಮಗು ನಿಂತಿದೆ ಕಣೇ. ಬಿದ್ದಿರೋದು ನೀನು."

ನೋಡನೋಡುತ್ತಲೇ ಹರಡು ಬನ್ನಿನ ಹಾಗೆ ಉಬ್ಬಿತು.

"ಡಾಕ್ಟರಿಗೆ ಫೋನ್ ಮಾಡ್ಲಾ?"

"ಬೇಡ! ಪ್ಲಾಸ್ಟರ್ ಹಾಕಿಬಿಟ್ರೆ? ನಾಳೆ ಎಂಟಕ್ಕೆ ನೀವು ಕೆಲಸಕ್ಕೆ ಹೊರಟು ಹೋಗ್ತೀರಾ. ಇವಳ ಹಿಂದೆ ಓಡೋರು ಯಾರು, ನಿಮ್ಮ ಆಫೀಸಿನ ಪಾರ್ಸೆಲ್ ಡಬ್ಬಗಳಾ? ನಂಗೆಲ್ಲ ಗೊತ್ತು. ಐಸ್ ತನ್ನಿ!"

ಐಸ್ ಇರಲಿಲ್ಲ. ಫ್ರಿಜ್ಜಿನಲ್ಲಿ ತಣ್ಣಗಿದ್ದದ್ದು ಹಲ್ಲು ಬರುವಾಗ ಮಗು ಕಚ್ಚುವ ರಬ್ಬರ್ ಬಳೆಯೊಂದೇ. ಅದನ್ನು ಬಟ್ಟೆಯಲ್ಲಿ ಸುತ್ತಿ ಹರಡಿನ ಮೇಲಿಟ್ಟದ್ದೇ ತಡ, ಅದರ ಪುಟ್ಟ ಒಡತಿ ಬಂದು ಕಿತ್ತುಕೊಂಡು ಬಾಯಿಗಿಟ್ಟುಕೊಂಡಳು. ಚಿಕಿತ್ಸೆಯ ಮೊದಲ ಅಧ್ಯಾಯ ಅಲ್ಲಿಗೆ ಮುಕ್ತಾಯ!

ಇನ್ನು ಬ್ಯಾಂಡೇಜು. ಗಂಡನದು ಪಾರ್ಸೆಲ್ ಕಚೇರಿಯಲ್ಲಿ ಹತ್ತು ವರ್ಷ ಡಬ್ಬ ಕಟ್ಟಿದ ಕೈ. ಪಾದದಿಂದ ಮೊಣಕಾಲಿನವರೆಗೆ ಬಿಗಿದು, ಮೇಲೆ ಅಗಲದ ಟೇಪು ಅಂಟಿಸಿ, ಅಭ್ಯಾಸಬಲದಿಂದ ಕಾಲನ್ನು ಎತ್ತಿ ಒಮ್ಮೆ ಅಲ್ಲಾಡಿಸಿಯೂ ನೋಡಿದ.

"ಅಯ್ಯಯ್ಯೋ! ಅಲ್ಲಾಡಿಸ್ಬೇಡ್ರೀ!"

"ಒಳಗೇನೂ ಸಡಿಲ ಇಲ್ಲ ಬಿಡು."

"ಬೆರಳು ನೀಲಿ ಆಗ್ತಿದೆ! ರಕ್ತ ಓಡಾಡ್ಬೇಕಲ್ವಾ? ಬಿಚ್ಚಿ, ಬಿಚ್ಚಿ!"

ಬಿಚ್ಚಿ, ಹಗುರಾಗಿ ಸುತ್ತಿ, ನಾಲ್ಕು ದಿಂಬಿನ ಮೇಲೆ ಕಾಲೇರಿಸಿದ್ದಾಯಿತು. ಮಗು ಬಚ್ಚಲಿನತ್ತ ಹೊರಟಿತು. ಗಂಡ ಏಳುವ ಮೊದಲೇ ಇವಳು ಕುಂಟುತ್ತ ಹಿಂದೆ! ಹೀಗೆ ಮಧ್ಯಾಹ್ನವಿಡೀ ಓಡಾಡಿದ್ದಕ್ಕೆ ಸಂಜೆಯ ಹೊತ್ತಿಗೆ ಹರಡು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ನಾಲ್ಕು ಹೆಜ್ಜೆ ಊರಿ ನಡೆದ್ರೆ ಎಕ್ಸ್‌ರೇ ಬೇಕಾಗೋದು ಕಮ್ಮಿಯಂತೆ. ಎಣಿಸಿ!" ಎಂದು ಎದ್ದಳು. ಮೊದಲನೆಯದು ಸೋಫಾ ಹಿಡಿದು. ಎರಡನೆಯದು ಗಂಡನ ಹೆಗಲು ಹಿಡಿದು. ಮೂರನೆಯದಕ್ಕೆ ಎಡಗಾಲಿನಲ್ಲೇ ಕುಪ್ಪಳಿಸಿದಳು.

"ಮೂರು!"

"ಅದು ಹೆಜ್ಜೆಯಲ್ಲ, ಕಪ್ಪೆ ಜಿಗಿತ. ಫೋನ್ ಮಾಡೋಣ ಕಣೇ, ನನ್ನ ಮಾತು ಕೇಳು."

"ಸತ್ರೂ ಮಾಡಲ್ಲ!"

ಅಷ್ಟರಲ್ಲಿ ಸೋಫಾದ ಹಿಂದಿನಿಂದ ಮಗು ಬಂತು. ಎಡಗಾಲು ನೆಟ್ಟಗೆ. ಬಲಗಾಲು ಸರ್... ಸರ್... ಎಂದು ಎಳೆಯುತ್ತಾ!

ತಾಯಿ ಚೀರಿದಳು. "ರೀ! ಮಗು ಕುಂಟ್ತಿದೆ!"

"ಲೇ, ಅದು ನಿನ್ನ..."

"ನೀವು ಸುಮ್ನಿರಿ! ಫೋನ್ ಎಲ್ಲಿ?"

ಅಂಬೆಗಾಲಿಟ್ಟುಕೊಂಡೇ ಹೋಗಿ ಫೋನ್ ಹಿಡಿದು ಮಕ್ಕಳ ಡಾಕ್ಟರ ಕ್ಲಿನಿಕ್ಕಿಗೆ ಹಚ್ಚಿದಳು.

"ಸಿಸ್ಟರ್, ನನ್ನ ಮಗಳು ಬಲಗಾಲು ಎಳೀತಿದಾಳೆ!"

"ಬಿದ್ದಳಾ?"

"ಇಲ್ಲ."

"ಊತ ಇದ್ಯಾ?"

"ಇಲ್ಲ."

"ಮುಟ್ಟಿದ್ರೆ ಅಳ್ತಾಳಾ?"

"ನಗ್ತಾಳೆ."

"ಮನೇಲಿ ಬೇರೆ ಯಾರಾದ್ರೂ ಬಲಗಾಲು ಎಳೀತಿದಾರಾ?"

ಅವಳು ತನ್ನ ಕಾಲು ನೋಡಿಕೊಂಡಳು. ಗಂಡ ಸೂರು ನೋಡಿದ.

"...ನಾನು."

"ನಾಲ್ಕು ಹೆಜ್ಜೆ ಊರೋಕಾಗುತ್ತಾ?"

"ಮೂರು."

"ಎರಡು!" ಎಂದ ಗಂಡ, ಫೋನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

"ಹಾಗಾದ್ರೆ ಈಗ್ಲೇ ಹೋಗಿ ಎಕ್ಸ್‌ರೇ ತೆಗೆಸಿ. ಬೇಗ ವಾಸಿ ಮಾಡ್ಕೊಳ್ಳಿ ಅಮ್ಮಾ. ನೀವು ನೆಟ್ಟಗೆ ನಡೆಯೋವರೆಗೂ ಮಗಳ ಕಾಲಿಗೆ ನಮ್ಮ ಹತ್ರ ಔಷಧಿ ಇಲ್ಲ!"