ಕೋದಂಡಪ್ಪನ ಮೊಣಕೈ

ಕುಪ್ಪುಸ್ವಾಮಿ: ತೆಗಿ ಅಂದ್ರೆ ತೆಗಿ!

ಕೋದಂಡಪ್ಪ: ಏನ್ ತೆಗೀಲಿ ಕುಪ್ಪುಸ್ವಾಮಣ್ಣ? ಅಂಗಿ ಬಿಚ್ಚು ಅಂದೆ, ಬಿಚ್ದೆ. ಬಾಯಿ ತೆಗಿ ಅಂದೆ, ತೆಗ್ದೆ. ಈಗ ಚರ್ಮಾನೂ ಸುಲ್ದು ಕೊಡ್ಲಾ?

ಕುಪ್ಪುಸ್ವಾಮಿ: ಮೊಣಕೈಯಾಗೆ ಕಲ್ಲಿನಂಗೆ ಐತೆ. ಮೇಲೆ ಬಟ್ಟೆ ಬೇರೆ ಸುತ್ಕೊಂಡಿದ್ದೆ. ಒಳಗೇನಿಟ್ಟಿದೀಯ? ಎಡು, ಎಡು, ಈಚೆ ತೆಗಿ!

ಐವತ್ತನಾಲ್ಕನೇ ಇಸವಿ, ಊರಿಗಾಂ ಕಡೆಯ ಒಂದು ಚಿನ್ನದ ಗಣಿಯ ಗೇಟು. ಪಾಳಿ ಮುಗಿಸಿ ಮೇಲೆ ಬಂದವರನ್ನೆಲ್ಲ ತಲೆಯಿಂದ ಕಾಲಿನವರೆಗೆ ತಡವಿ ನೋಡಿಯೇ ಆಚೆ ಬಿಡುವುದು ಅಲ್ಲಿನ ಪದ್ಧತಿ. ಸಾಸಿವೆ ಕಾಳಿನಷ್ಟು ಚಿನ್ನವೂ ಹೊರಗೆ ಹೋಗಬಾರದಲ್ಲ! ತಡವುವ ಕೆಲಸ ಕುಪ್ಪುಸ್ವಾಮಿಯದು; ಅವಸರದಲ್ಲಿ ಅವನ ಬಾಯಿಗೆ ತಮಿಳೇ ಬರುವುದು. ಹದಿನೆಂಟು ವರ್ಷದಲ್ಲಿ ಆ ಮಹಾರಾಯ ಲಂಗೋಟಿಯ ಗಂಟಿನಲ್ಲಿ, ಬುತ್ತಿಯ ಅನ್ನದಲ್ಲಿ, ಚಪ್ಪಲಿಯ ಅಟ್ಟೆಯಲ್ಲಿ ಚಿನ್ನ ಹಿಡಿದಿದ್ದ. ಚರ್ಮದ ಕೆಳಗೆ ಮಾತ್ರ ಇದೇ ಮೊದಲು.

ಕೋದಂಡಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕಳ್ಳ ಅಂತ ಒಂದು ಸಲ ಬರೆದರೆಂದರೆ ಕೆಲಸ ಹೋಯಿತು, ಅದರ ಹಿಂದೆ ಕಂಪನಿ ಕೊಟ್ಟ ಲೈನಿನ ಮನೆಯೂ ಹೋಯಿತು. ಆಮೇಲೆ ಗಂಟುಮೂಟೆ ಹೊತ್ತು ಕ್ಯಾಸಂಬಳ್ಳಿಯಲ್ಲಿ ಮಾವನ ಮನೆ ಜಗಲಿಗೆ ಹೋಗಿ ಬೀಳಬೇಕು. ಮಾವನ ಬಾಯಿ ಎಂಥದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಗಂಡ ಇನ್ನೂ ಊಟಕ್ಕೆ ಬರಲಿಲ್ಲವೆಂದು ಹುಡುಕಿಕೊಂಡು ಅಮ್ಮಾಜಮ್ಮ ಗೇಟಿಗೇ ಬಂದಳು.

ಅಮ್ಮಾಜಮ್ಮ: ಏನಾಯ್ತು? ಯಾಕಣ್ಣ ಇವನನ್ನ ನಿಲ್ಸಿದೀಯ?

ಕುಪ್ಪುಸ್ವಾಮಿ: ನಿನ್ ಗಂಡ ಕೈಯಾಗೆ ಚಿನ್ನ ಹೂತಿಟ್ಕೊಂಡವ್ನೆ.

ಅಮ್ಮಾಜಮ್ಮ: ಇವನಾ? ಮದುವೆ ಆಗಿ ಒಂಬತ್ತು ವರ್ಷ ಆಯ್ತು, ಒಂದು ಮೂಗುಬಟ್ಟು ತಂದ್ಕೊಟ್ಟಿಲ್ಲ! ಅದು ಚಿನ್ನ ಅಲ್ಲಣ್ಣ, ಸುಣ್ಣ.

ಕುಪ್ಪುಸ್ವಾಮಿ: ಸುಣ್ಣಾನಾ?

ಅಮ್ಮಾಜಮ್ಮ: ಊಂ. ದಿನಕ್ಕೆ ಇಪ್ಪತ್ತು ಸಲ ಎಲೆ ಅಡಿಕೆ ಅಗೀತಾನೆ. ತಿಂದ ಸುಣ್ಣ ಎಲ್ಲಿಗೋಯ್ತದೆ? ಮೊಣಕೈಗೆ ಬಂದು ಗಟ್ಟಿಯಾಗೈತೆ. ಅದಕ್ಕೇ ಹತ್ತು ದಿನದಿಂದ ಸುಣ್ಣದ ಡಬ್ಬಿ ಬಚ್ಚಿಟ್ಟಿವ್ನಿ.

ಕೋದಂಡಪ್ಪ: ನೀನೇನಾ? ಇಲಿ ಒತ್ಕೊಂಡೋಯ್ತು ಅಂದಲ್ಲೇ!

ಕುಪ್ಪುಸ್ವಾಮಿ: ಗಂಡ ಹೆಂಡ್ತಿ ಸೇರ್ಕೊಂಡು ನನ್ ಕಿವಿಗೆ ಹೂವ ಮುಡಿಸ್ಬೇಡಿ. ನಡೀರಿ ಆಸ್ಪತ್ರೆಗೆ. ಡಾಕ್ಟ್ರು ಚೀಟಿ ಕೊಟ್ರೆ ಸರಿ. ಇಲ್ಲ ಅಂದ್ರೆ ನಾಳೆಯಿಂದ ಈ ಗೇಟು ನಿಂಗಿಲ್ಲ.

ಮೂವರೂ ಆಸ್ಪತ್ರೆಗೆ ನಡೆದರು. ಕೋದಂಡಪ್ಪ ಎಲ್ಲಿ ಆ ಚಿನ್ನವನ್ನು ಒದರಿ ಬಿಸಾಕುತ್ತಾನೋ ಅಂತ ದಾರಿಯುದ್ದಕ್ಕೂ ಕುಪ್ಪುಸ್ವಾಮಿ ಅವನ ಮೊಣಕೈ ಬಿಡಲಿಲ್ಲ. ಡಾಕ್ಟರ್ ಜಯರಾಮಪ್ಪ ಎಕ್ಸ್‌ರೇ ತೆಗೆಸಿ, ಫಿಲಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆಳ್ಳಗೆ ಐದು ಗಂಟು.

ಡಾಕ್ಟರ್: ಅರೆರೆ! ಪುಸ್ತಕದಲ್ಲಿ ಓದಿದ್ದೆ ಕಣಪ್ಪ, ಕಣ್ಣಾರೆ ನೋಡ್ತಿರೋದು ಇವತ್ತೇ. ಇದು ಸುಣ್ಣದ ಗಂಟು. ಕ್ಯಾಲ್ಸಿಯಂ ಅಂತೀವಿ.

ಅಮ್ಮಾಜಮ್ಮ: ನಾನೇಳ್ಲಿಲ್ವಾ!

ಕುಪ್ಪುಸ್ವಾಮಿ: ಸಾರ್, ಇದ್ರಾಗೆ ಚಿನ್ನಾನೂ ಬೆಳ್ಳಗೇ ಕಾಣ್ತದಲ್ವಾ?

ಡಾಕ್ಟರ್ ನಕ್ಕು, ಚರ್ಮ ತೆಳ್ಳಗಾಗಿದ್ದ ಕಡೆ ಸೂಜಿ ಚುಚ್ಚಿ ಮೆಲ್ಲಗೆ ಒತ್ತಿದರು. ಒದ್ದೆ ಸೀಮೆಸುಣ್ಣದಂಥ ಬಿಳಿ ಹಿಟ್ಟು ಚೂರು ಈಚೆ ಬಂತು. ಕುಪ್ಪುಸ್ವಾಮಿ ಅದನ್ನು ಬೆರಳಲ್ಲಿ ತೀಡಿದ, ಬೆಳಕಿಗೆ ಹಿಡಿದ, ಮೂಸಿಯೂ ನೋಡಿದ. ಹೊಳೆಯಲಿಲ್ಲ.

ಅಮ್ಮಾಜಮ್ಮ: ಇನ್ಮೇಲೆ ಸುಣ್ಣ ಮುಟ್ಬೇಡ ಅಂತ ನೀವೇ ಏಳಿ ಡಾಕ್ಟ್ರೇ.

ಡಾಕ್ಟರ್: ಎಲೆಗೆ ಹಚ್ಚೋ ಸುಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ರಾಗೀಲಿ, ಹಾಲಲ್ಲಿ, ಎಲ್ಲರ ಮೈಯಲ್ಲೂ ಕ್ಯಾಲ್ಸಿಯಂ ಇರುತ್ತೆ. ಅದು ಮೂಳೇಲಿ ಇರಬೇಕು. ಇವನಿಗೆ ಚರ್ಮದ ಕೆಳಗೆ ಬಂದು ಕೂತಿದೆ.

ಅಮ್ಮಾಜಮ್ಮ: ಯಾಕೆ?

ಡಾಕ್ಟರ್: ಕೆಲವರಿಗೆ ಬೇರೆ ಕಾಯಿಲೆಯಿಂದ ಬರುತ್ತೆ, ಕೆಲವರಿಗೆ ಕಾರಣಾನೇ ಸಿಗಲ್ಲ. ರಕ್ತ ಪರೀಕ್ಷೆ ಮಾಡೋಣ. ಬಲು ಅಪರೂಪದ್ದು, ಸಾವಿರಾರು ಜನರಲ್ಲಿ ಒಬ್ಬರಿಗೆ ಬಂದರೆ ಹೆಚ್ಚು.

ಕೋದಂಡಪ್ಪ: (ಎದೆ ಸ್ವಲ್ಪ ಮುಂದೆ ಮಾಡಿ) ಕೇಳ್ದಾ ಅಮ್ಮಾಜೀ? ಸಾವಿರಾರು ಜನದಾಗೆ ಒಬ್ಬ!

ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಡಾಕ್ಟರ ಹತ್ತಿರ ಸರಿದು ಮೆಲ್ಲಗೆ ಕೇಳಿದಳು.

ಅಮ್ಮಾಜಮ್ಮ: ಇವನ ಜೀವಕ್ಕೇನೂ ಆಗಾಕಿಲ್ಲ ತಾನೆ?

ಡಾಕ್ಟರ್: ಇಷ್ಟಕ್ಕೆಲ್ಲ ಏನೂ ಆಗಲ್ಲಮ್ಮ. ಅಂಟುರೋಗವೂ ಅಲ್ಲ. ಗಂಟು ತಾನಾಗೇ ಒಡೆದರೂ ಒಡೀಬಹುದು. ಆಗ ತೊಳೆದು ಶುದ್ಧವಾಗಿಡಿ, ಕೆಂಪಾದರೆ ಬನ್ನಿ. ನೀವಾಗಿ ಕೀಳಬೇಡಿ.

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. ಕೋದಂಡಪ್ಪನಿಗೆ ಅಯ್ಯೋ ಅನ್ನಿಸಿತು. ಹತ್ತು ದಿನದಿಂದ ಇವಳು ಹೆದರಿಕೊಂಡೇ ಡಬ್ಬಿ ಬಚ್ಚಿಟ್ಟಿದ್ದಳು, ನಾನು ಪಾಪದ ಇಲಿಯನ್ನು ಬೈದುಕೊಂಡು ತಿರುಗಿದ್ದೆ ಅಂದುಕೊಂಡ.

ಕೋದಂಡಪ್ಪ: ಓಗ್ಲಿ ಬಿಡು. ಈಗ ಡಬ್ಬಿ ಎಲ್ಲೈತೆ ಹೇಳು.

ಅಮ್ಮಾಜಮ್ಮ: ಈ ಕುಪ್ಪುಸ್ವಾಮಣ್ಣ ಬಂದು ತಡಕಿದ್ರೂ ಸಿಕ್ಕಾಕಿಲ್ಲ!

ಕುಪ್ಪುಸ್ವಾಮಿ: ಅದೆಲ್ಲ ಇರ್ಲಿ. ಸಾರ್, ಚೀಟಿಯಾಗೆ ಎಷ್ಟು ಗಂಟು ಅಂತ ಬರ್ದ್ಬಿಡಿ. ನಾಳೆ ಇವನು ಐದು ಸುಣ್ಣದ ಪಕ್ಕ ಒಂದು ಚಿನ್ನ ಇಟ್ಕೊಂಡು ಬಂದ್ರೆ?

ಡಾಕ್ಟರ್ ನಗು ತಡೆಯಲಾರದೆ ಬರೆದರು: 'ಬಲ ಮೊಣಕೈ, ಸುಣ್ಣದ ಗಂಟು, ಐದು.' ಅವತ್ತಿನಿಂದ ದಿನಾ ಗೇಟಿನಲ್ಲಿ ಕುಪ್ಪುಸ್ವಾಮಿ ಮೊಣಕೈ ತಡವಿ, ಒಂದು, ಎರಡು ಅಂತ ಎಣಿಸುವನು. ಐದಕ್ಕೆ ನಿಂತರೆ 'ಓಗಪ್ಪ' ಅನ್ನುವನು. ರಕ್ತದಲ್ಲೂ ಏನೂ ತೊಂದರೆ ಸಿಗಲಿಲ್ಲ. ಮನೆಯಲ್ಲಿ ಸುಣ್ಣದ ಡಬ್ಬಿಯೂ ರಾಗಿ ಮಡಕೆಯ ತಳದಿಂದ ಈಚೆ ಬಂತು. ಹದಿನೈದು ದಿನ ಎಲ್ಲ ಸರಾಗವಾಗಿ ನಡೆಯಿತು.

ಹದಿನಾರನೇ ದಿನ ಅಮ್ಮಾಜಮ್ಮ ಮತ್ತೆ ಗೇಟಿಗೆ ಓಡಿ ಬರಬೇಕಾಯಿತು.

ಅಮ್ಮಾಜಮ್ಮ: ಇನ್ನೇನಣ್ಣ? ಜಾಸ್ತಿ ಆಯ್ತಾ?

ಕುಪ್ಪುಸ್ವಾಮಿ: ಕಮ್ಮಿ ಆಗೈತೆ! ಚೀಟಿಯಾಗೆ ಐದು, ಕೈಯಾಗೆ ನಾಲ್ಕು. ಮೂರು ಸಲ ಎಣಿಸ್ದೆ. ಇನ್ನೊಂದೆಲ್ಲಿ?

ಕೋದಂಡಪ್ಪ: ಒಳಗೆ ಬಂಡೆಗೆ ತಗುಲಿ ಒಡ್ದೋಯ್ತು ಅಂತ ಆಗಿಂದ ಬಡ್ಕೋತಾ ಇವ್ನಿ. ತೊಳ್ದು ಬಟ್ಟೆ ಕಟ್ಟಿವ್ನಿ, ನೋಡ್ದಲ್ಲ!

ಕುಪ್ಪುಸ್ವಾಮಿ: ಒಡ್ದಿದ್ದು ಎಲ್ಲಿ ಬಿತ್ತು?

ಕೋದಂಡಪ್ಪ: ಅಲ್ಲೇ, ಗಣಿಯಾಗೇ.

ಕುಪ್ಪುಸ್ವಾಮಿ: ಎಣಿಕೆ ಸರಿ ಓಗ್ದೆ ಎಂಗಪ್ಪ ಆಚೆ ಬಿಡ್ಲಿ?

ಕೋದಂಡಪ್ಪ: ಕುಪ್ಪುಸ್ವಾಮಣ್ಣ, ಅನ್ನೆರಡು ವರ್ಷದಿಂದ ದಿನಾ ತಡವ್ತೀಯ. ಈ ಗಣಿಯಿಂದ ನಾನು ಒಂದು ಚೂರಾದ್ರೂ ಒತ್ಕೊಂಡೋಗಿವ್ನಾ?

ಕುಪ್ಪುಸ್ವಾಮಿ: ಇಲ್ಲ.

ಕೋದಂಡಪ್ಪ: ಇವತ್ತು ನನ್ ಮೈಯಿಂದ ಕಿತ್ತು ನಾನೇ ಗಣಿಗೆ ಕೊಟ್ಟು ಬಂದಿವ್ನಿ. ರಶೀದಿ ಕೊಡು, ಮನೆಗೋಯ್ತೀನಿ!