ನಡುಗುವ ನೆಲ, ಕುಣಿಯುವ ತೂಕ

ಅಲ್ಲಾಡುವುದನ್ನು ಸುಮ್ಮನಿರಿಸುವುದು ನನ್ನ ಕಸುಬು. ಯಂತ್ರ, ಸೇತುವೆ, ಮಹಡಿ, ಏನು ಅಲ್ಲಾಡಿದರೂ ನನ್ನನ್ನು ಕರೆಯುತ್ತಾರೆ; ಹೋದಲ್ಲೆಲ್ಲ ಒಂದಲ್ಲ ಒಂದು ಕಂಡು ನಾನೇ ನಡುಗಿ ಬರುತ್ತೇನೆ. ಉಳಿದವು ಹಾಗಿರಲಿ, ತೊಂಬತ್ತರ ದಶಕದ ಕೊನೆಯಲ್ಲಿ ಬಿಟಿಎಂ ಲೇಔಟಿನ ಒಂದೇ ಕಟ್ಟಡ ನನ್ನನ್ನು ಹೌಹಾರಿಸಿದ್ದನ್ನು ಹೇಳುತ್ತೇನೆ.

ಡಾಕ್ಟರ ಕೈ

ಮೊದಲ ಮಹಡಿಯಲ್ಲಿ ಗೋಡೆಯ ಈಚೆ ಹಲ್ಲಿನ ಡಾಕ್ಟರು, ಆಚೆ ಡ್ಯಾನ್ಸ್ ಕ್ಲಾಸು. ಕೆಳಗೆ ಕಾರು ತಿರುಗಿಸಲು ಅಡ್ಡ ಬರುತ್ತವೆಂದು ಮಾಲೀಕರು ನಡುವಿನ ಕಂಬಗಳನ್ನೇ ಹಾಕಿಸಿರಲಿಲ್ಲ. ಆಚೆ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕಿದರೆ ಈಚೆ ನೆಲ ತೂಗುತ್ತಿತ್ತು.

ಡಾಕ್ಟರು ಧಾರವಾಡದ ಕಡೆಯ ಹೆಣ್ಣುಮಗಳು. "ನನ್ನ ಕೈ ನಡಗೂದಿಲ್ರೀ, ನೆಲಾ ನಡಗತೈತಿ. ಆದ್ರ ಬಾಯಿ ತೆರಕೊಂಡು ಕುಂತಾವ್ರಿಗೆ ನನ್ನ ಕೈ ಅಷ್ಟ ಕಾಣತೈತಿ," ಎಂದರು. ರೋಗಿಗಳು ತಮ್ಮ ನಡುಕ ಹೆದರಿಕೆಗೆ ಅಂದುಕೊಳ್ಳುತ್ತಿದ್ದರು, ಡಾಕ್ಟರ ನಡುಕ ಮಾತ್ರ ಕಾಯಿಲೆ ಅಂದುಕೊಳ್ಳುತ್ತಿದ್ದರು. 'ಆ ಡಾಕ್ಟರಿಗೆ ಕೈ ನಡುಗುತ್ತೆ' ಎಂಬ ಸುದ್ದಿ ತಿಲಕ್ ನಗರದವರೆಗೂ ಹಬ್ಬಿತ್ತು. ಹೀಗೇ ಆದರೆ ಕ್ಲಿನಿಕ್ಕಿಗೆ ಬೀಗವೇ ಗತಿ ಎಂದು ಕಣ್ಣೊರೆಸಿಕೊಂಡರು.

ಎಷ್ಟು ಅಲ್ಲಾಡುತ್ತದೆ ನೋಡೋಣವೆಂದು ನಾನೇ ಕುರ್ಚಿಯಲ್ಲಿ ಕೂತೆ. ಆಚೆ ಹಾಡು ಶುರುವಾಯಿತು. ಡಾಕ್ಟರ ಕೈಯಲ್ಲಿದ್ದ ಡ್ರಿಲ್ಲು ನನ್ನ ಮೂಗಿನೆದುರು ಮೇಲೆ ಕೆಳಗೆ ಆಡತೊಡಗಿತು. "ಅಳತೆ ಸಾಕು ಮೇಡಂ," ಎಂದು ಎದ್ದುಬಿಟ್ಟೆ. ಅಳೆಯುವ ಉಪಕರಣ ಇನ್ನೂ ಚೀಲದಲ್ಲೇ ಇತ್ತು.

ಮಾಲೀಕರ ಕರುಣೆ

ಉಪಾಯ ಸರಳ. ಆ ನೆಲದ ಅಡಿಯಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ, ಸ್ಪ್ರಿಂಗಿಗೆ ಕಬ್ಬಿಣದ ತೂಕ ನೇತುಹಾಕುವುದು. ಹೆಜ್ಜೆಯ ತಾಳಕ್ಕೆ ಸರಿಯಾಗಿ ಹೊಂದಿಸಿದರೆ ಕುಣಿತವನ್ನೆಲ್ಲ ತೂಕವೇ ಎಳೆದುಕೊಂಡು ನೆಲವನ್ನು ಸುಮ್ಮನೆ ಬಿಡುತ್ತದೆ.

ಮಾಲೀಕರು ಹಳೇ ಊರಿನವರು, ತಾವೇ ರಾಗಿ ಬೆಳೆದ ಹೊಲದಲ್ಲಿ ಕಟ್ಟಡ ಎಬ್ಬಿಸಿದವರು. ತೂಕ ನೋಡಿ ಬಾಯಿಯ ಮೇಲೆ ಕೈ ಇಟ್ಟರು.

"ಅಲ್ಲಾಡೋ ಮನೆಗೆ ಇನ್ನೊಂದು ಅಲ್ಲಾಡೋದನ್ನ ಗಂಟು ಹಾಕ್ತೀರಲ್ಲ ಸಾರ್!"

"ಮದುವೆ ಮನೇಲಿ ಹುಡುಗಿ ಅಪ್ಪ ಓಡಾಡೋದಕ್ಕೇ ಅಲ್ವಾ ಯಜಮಾನ್ರೇ, ಮದುಮಗ ಸುಮ್ನೆ ಕೂತಿರೋದು? ಇದು ಹುಡುಗಿ ಅಪ್ಪ ಅಂದ್ಕೊಳ್ಳಿ."

ಅರ್ಥವಾದಂತೆ ತಲೆಯಾಡಿಸಿದರು. ತೂಕ ನೇತುಹಾಕಿದೆ, ನೆಲವೂ ಗಪ್‌ಚಿಪ್ಪಾಯಿತು.

ಸ್ವಲ್ಪ ದಿನಕ್ಕೆ ಡಾಕ್ಟರ ಫೋನು, ಮತ್ತೆ ನಡುಕ. ಓಡಿದೆ. ನನ್ನ ತೂಕವನ್ನು ತೊಲೆಗೆ ಸೇರಿಸಿ ಹಗ್ಗದಲ್ಲಿ ಬಿಗಿದು ಕಟ್ಟಿದ್ದಾರೆ! ಯಾರು ಕಟ್ಟಿದ್ದು ಎಂದು ಕೂಗಿದೆ.

"ನಾನೇ ಕಟ್ಟಿದ್ದು," ಎಂದರು ಮಾಲೀಕರು. "ಪಾಪ, ಬೆಳಗಿಂದ ಒಂದೇ ಸಮ ಓಡಾಡ್ತಿತ್ತು ಹುಡುಗಿ ಅಪ್ಪ. ಸ್ವಲ್ಪ ರೆಸ್ಟ್ ತಗೊಳ್ಳಿ ಅಂತ."

ಒಂದೇ ಹಾಡು

ಹಗ್ಗ ಬಿಚ್ಚಿಸಿದ್ದಾಯಿತು. ಆದರೆ ತೂಕ ಹೊಂದಿಸಿದ್ದು ಒಂದೇ ತಾಳಕ್ಕೆ. ಡ್ಯಾನ್ಸ್ ಟೀಚರು ಹಾಡು ಬದಲಿಸಿದ ದಿನ ನೆಲ ಮತ್ತೆ ಎದ್ದು ಕುಣಿಯಿತು. ಡಾಕ್ಟರು ಟೀಚರ ಕಾಲಿಗೆ ಬೀಳುವುದೊಂದು ಬಾಕಿ. ಹೇಗೋ ಹಳೇ ಹಾಡೇ ಇರಲೆಂದು ಒಪ್ಪಿಸಿದರು.

ಮುಂದಿನ ಸಲ ಹೋದಾಗ ರೋಗಿಗಳು ಒಬ್ಬೊಬ್ಬರಾಗಿ ಮರಳುತ್ತಿದ್ದರು. ಡಾಕ್ಟರ ಕೈ ಬಂಡೆಯಂತೆ ನಿಂತಿತ್ತು, ಕಾಲು ಮಾತ್ರ ಮೇಜಿನ ಕೆಳಗೆ ಹೆಜ್ಜೆ ಹಾಕುತ್ತಿತ್ತು.

"ಏನ್ ಮಾಡ್ಲಿರೀ, ನಿದ್ದ್ಯಾಗೂ ಅದ ಹಾಡು!"

ನನ್ನ ಹಲ್ಲು

ಆಯುಧಪೂಜೆ ಮುಗಿದ ವಾರ ನನ್ನದೇ ದವಡೆ ಹಲ್ಲು ಕೈಕೊಟ್ಟಿತು. ಧೈರ್ಯವಾಗಿ ಇದೇ ಡಾಕ್ಟರ ಬಳಿ ಹೋದೆ. ಮೆಟ್ಟಿಲ ಪಕ್ಕದ ಬೆಂಚಿನ ತುಂಬ ಜನ ಕಾಯುತ್ತಿದ್ದರು. ಅಲ್ಲಿ ಕೆಳಗೆ ಕಂಬವಿದ್ದುದರಿಂದ ನೆಲ ಗಟ್ಟಿ.

"ಅಂಜಬ್ಯಾಡ್ರೀ, ನಿಮ್ಮ ತೂಕ ಐತಲ್ಲ," ಎಂದು ನಗುತ್ತ ಡಾಕ್ಟರು ಇಕ್ಕಳ ಎತ್ತಿದರು.

ಆಚೆ ಹಾಡು ಶುರುವಾಯಿತು. ದಸರಾ ರಜೆ ಮುಗಿದ ಮೇಲೆ ಅಂದೇ ಮೊದಲು, ಅದೇ ಹಾಡು. ಆದರೂ ಕುರ್ಚಿ ತೂಗಿತು, ಇಕ್ಕಳವೂ ತೂಗಿತು! ಬಾಯಿ ತುಂಬ ಹತ್ತಿ, ಕೊರಳಿಗೆ ಬಟ್ಟೆ, ಅದೇ ವೇಷದಲ್ಲಿ ಗಡಗಡ ನಡುಗುತ್ತ ಬೆಂಚಿನವರ ಮುಂದೆಯೇ ಮೆಟ್ಟಿಲಿಳಿದು ಓಡಿದೆ.

ಕೆಳಗೆ ನೋಡುತ್ತೇನೆ! ತೂಕಕ್ಕೆ ವಿಭೂತಿ, ಕುಂಕುಮ, ಮಾರುದ್ದದ ಚೆಂಡುಹೂವಿನ ಹಾರ. ಅದರ ಅಡಿಗೆ ದೃಷ್ಟಿಗೆಂದು ನೇತುಹಾಕಿದ, ಬಿಂದಿಗೆಯಷ್ಟು ದೊಡ್ಡ ಬೂದುಗುಂಬಳ. ಭಾರ ಹೆಚ್ಚಿ ತಾಳ ತಪ್ಪಿಹೋಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜೆ ಮಾಡಿಯೇ ಕೆಡಿಸಿದ್ದರು.

"ಕಾರಿಗೆ ಮಾಡ್ದೆ, ನೀರಿನ ಮೋಟರಿಗೆ ಮಾಡ್ದೆ. ಇದನ್ನ ಬಿಡೋಕಾಗುತ್ತಾ ಸಾರ್?" ಎಂದರು ಮಾಲೀಕರು.

ಎಲ್ಲ ಬಿಚ್ಚಿ ಹಾಕಿದೆ. ಡಾಕ್ಟರ ಹೆಸರು ನನ್ನಿಂದಲೇ ಮಣ್ಣುಪಾಲಾಯಿತಲ್ಲ ಎಂದು ಅಳುಕುತ್ತ ಮೇಲೆ ಹೋದೆ. ಬೆಂಚಿನಿಂದ ಒಬ್ಬರೂ ಕದಲಿರಲಿಲ್ಲ. ನನ್ನನ್ನು ಕಂಡು ಅಜ್ಜಿಯೊಬ್ಬರು ಪಕ್ಕದವರಿಗೆ ಹೇಳಿದರು:

"ಸುಮ್ಸುಮ್ನೆ ಡಾಕ್ಟರಮ್ಮನ್ನ ಅಂತಾರೆ ಕಣಮ್ಮ. ನಡುಗೋದು ಈವಯ್ಯ! ಕಣ್ಣಾರೆ ನೋಡಿದ್ನಲ್ಲ."

ಸುದ್ದಿ ತಿಲಕ್ ನಗರ ದಾಟಿತು. ಡಾಕ್ಟರ ಕೈ ಬಗ್ಗೆ ಆಮೇಲೆ ಯಾರೂ ಚಕಾರವೆತ್ತಲಿಲ್ಲ. ಪುಕ್ಕಲ ಎಂಬ ಬಿರುದು ಮಾತ್ರ ನನಗೆ ಅಂಟಿತು. ಮಾಲೀಕರ ಬಳಿ ಗೋಳು ತೋಡಿಕೊಂಡೆ.

ಅವರು ಹೆಗಲ ಮೇಲೆ ಕೈಯಿಟ್ಟರು. "ಬೇಜಾರ್ ಮಾಡ್ಕೋಬೇಡಿ ಸಾರ್. ಡಾಕ್ಟರಮ್ಮ ನೆಮ್ಮದಿಯಾಗಿರ್ಬೇಕು ಅಂದ್ರೆ ಯಾರಾದ್ರೂ ಒಬ್ರು ಹುಡುಗಿ ಅಪ್ಪ ಆಗ್ಲೇಬೇಕಲ್ಲ!"