ಬೀಗವಿಲ್ಲದ ಊರಿನವನು

ಬಾಳೇಶ ತನ್ನೂರಿನ ಇತಿಹಾಸ ಬರೆಯಬಾರದಿತ್ತು. ಬರೆದರೂ ಬೆಂಗಳೂರಿನ ಆರ್‌ಪಿಸಿ ಲೇಔಟಿನ ನಿವಾಸಿಗಳ ಸಂಘದ ರಾಜ್ಯೋತ್ಸವ ಸಂಚಿಕೆಗೆ ಕೊಡಬಾರದಿತ್ತು. ಅದು ಸುವರ್ಣ ಕರ್ನಾಟಕದ ವರ್ಷ. ಸಂಘದ ಕಾರ್ಯದರ್ಶಿ ಅಂಜಿನಯ್ಯನವರು "ನಿಮ್ಮೂರಿನ ಬಗ್ಗೆ ಎರಡು ಪುಟ ಬರ್ಕೊಡಿ ಸಾರ್" ಎಂದದ್ದೇ ತಡ, ಇವನು ಕೂತು ಬರೆದೇಬಿಟ್ಟ.

ಊರು ಕತ್ತಲಕೊಳ್ಳ. ಬೆಳಗಾವಿ ಸೀಮೆಯ ಮೂರು ಗುಡ್ಡಗಳ ನಡುವೆ, ಬಸ್ಸಿಗೂ ಬಿಸಿಲಿಗೂ ಸುಲಭಕ್ಕೆ ಸಿಗದ ಜಾಗ. ಹಿಂದೆ ಕಂದಾಯ ಕಟ್ಟಲಾರದೆ ಗುಡ್ಡ ಹತ್ತಿದವರು ಅಲ್ಲಿ ನೆಲೆಯೂರಿ, ಸಾಹುಕಾರರ ಗಾಡಿಗಳನ್ನೂ ಸರ್ಕಾರದ ಖಜಾನೆಯನ್ನೂ ದೋಚಿ ಬದುಕಿದ್ದರು. ಊರಿಗೆ ಇದ್ದದ್ದು ಒಂದೇ ಕಾನೂನು: ಯಾರೂ ಮನೆಗೆ ಬೀಗ ಹಾಕಕೂಡದು. ಹಾಕಿದರೆ ಪಕ್ಕದ ಮನೆಯವನನ್ನು ಕಳ್ಳ ಎಂದಂತೆ. ಊರಿಗೆ ಊರೇ ಕಳ್ಳರಾಗಿದ್ದರೂ ಆ ಮಾತನ್ನು ಮಾತ್ರ ಯಾರೂ ಸಹಿಸುತ್ತಿರಲಿಲ್ಲ. ಈಗಲೂ ಅಲ್ಲಿ ಬೀಗವಿಲ್ಲ.

ಹಾಗಾಗಿ ಬಾಳೇಶ ಬೀಗ ಮುಟ್ಟಿದ್ದೇ ಬೆಂಗಳೂರಿಗೆ ಬಂದ ಮೇಲೆ. ಅವನ ಮಹಡಿ ರೂಮಿನದು ಬಾಗಿಲು ಎಳೆದರೆ ತಾನೇ ಬೀಳುವ ಬೀಗ. ವಾರಕ್ಕೊಮ್ಮೆಯಾದರೂ ಕೀ ಒಳಗೇ ಬಿಟ್ಟು, ಕೆಳಗಿನ ಓನರ್ ನಂಜುಂಡಪ್ಪನವರ ಮುಂದೆ ಇನ್ನೊಂದು ಕೀಗಾಗಿ ನಿಲ್ಲುತ್ತಿದ್ದ.

ಊರಿನ ಕಥೆಯಷ್ಟನ್ನೇ ಬರೆದಿದ್ದರೆ ಆಗುತ್ತಿತ್ತು. ಸಪ್ಪೆಯಾಯಿತೆಂದು ಕೊನೆಗೊಂದು ಸಾಲು ಸೇರಿಸಿದ: 'ನಮ್ಮ ಮುತ್ತಜ್ಜ ಮಡಿವಾಳಪ್ಪ ಎಂಥ ಬೀಗವನ್ನೂ ಬರಿಗೈಯಲ್ಲಿ ತೆಗೆಯುತ್ತಿದ್ದ. ಆ ವಿದ್ಯೆ ನಮ್ಮ ರಕ್ತದಲ್ಲೇ ಇದೆ.' ನಿಜ ಹೇಳಬೇಕೆಂದರೆ ಮಡಿವಾಳಪ್ಪ ಆ ದರೋಡೆಕೋರರ ಗುಂಪಿಗೆ ರೊಟ್ಟಿ ಬಡಿದು ಹಾಕುತ್ತಿದ್ದವನು.

ಸಂಚಿಕೆ ಮನೆಮನೆಗೆ ಹಂಚಿದ ಮರುದಿನ, ಭಾನುವಾರ ಬೆಳಗ್ಗೆ, ಅಂಜಿನಯ್ಯ ಮಹಡಿ ಹತ್ತಿ ಬಂದವರೇ ಲುಂಗಿ ಬನಿಯನ್ನಿನಲ್ಲಿದ್ದ ಬಾಳೇಶನ ಕೈ ಹಿಡಿದು ಎಳೆದುಕೊಂಡು ಇಳಿದರು. ಹಿಂದೆ ಬಾಗಿಲು ಟಪ್ಪೆಂದು ಮುಚ್ಚಿಕೊಂಡಿತು.

ಕೆಳಗೆ ನಂಜುಂಡಪ್ಪನವರ ಮಗಳು ಕವನಾಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಕೆಂಗೇರಿ ದಾಟಿದ್ದರು. ಶಾಸ್ತ್ರದ ಸೀರೆ, ಒಡವೆ ಎಲ್ಲ ಕಬ್ಬಿಣದ ಬೀರುವಿನಲ್ಲಿ. ಕೀ ಎಲ್ಲಿಟ್ಟರೆಂದು ನಂಜುಂಡಪ್ಪನವರ ಹೆಂಡತಿ ಮುನಿಲಕ್ಷ್ಮಮ್ಮನಿಗೇ ನೆನಪಿಲ್ಲ. ಬೀಗ ರಿಪೇರಿಯವನು ಊರಿಗೆ ಹೋಗಿದ್ದ.

"ಬಾಳೇಶ್, ಮಾನ ಉಳಿಸ್ಬೇಕು ಕಣ್ರೀ," ಎಂದರು ನಂಜುಂಡಪ್ಪ. "ಇದೊಂದು ತೆಗೆದ್ಬಿಡಿ. ಮನೆ ಹಿಂದಿನ ಪೋರ್ಷನ್ ಬಾಡಿಗೆಗೆ ನಿಮಗೇ. ಹೆಂಡ್ತಿ ಮಗೂನ ಕರ್ಕೊಂಡ್ ಬನ್ನಿ."

ಆ ಪೋರ್ಷನ್ನಿಗಾಗಿ ಬಾಳೇಶ ಒಂದು ವರ್ಷದಿಂದ ಕೇಳುತ್ತಿದ್ದ. ಹೆಂಡತಿ ಶೈಲಾ ಇನ್ನೂ ಊರಲ್ಲೇ ಇದ್ದಳು. ಮಗಳು ಫೋನಿನಲ್ಲಿ ಅಪ್ಪನನ್ನು 'ಮಾಮಾ' ಎನ್ನತೊಡಗಿದ್ದಳು, ಅದು ಅವನ ಕರುಳಿಗೇ ನಾಟಿತ್ತು.

"ಅದು ಸುಮ್ನ ಬರದಿದ್ದು ರೀ," ಎಂದ ಸಣ್ಣಗೆ.

"ನೋಡಿದ್ರಾ ವಿನಯ," ಎಂದರು ಅಂಜಿನಯ್ಯ. "ದೊಡ್ಡ ವಿದ್ಯೆ ಇರೋರೆಲ್ಲ ಹಿಂಗೇನೇ."

ಬಾಳೇಶ ಹಿಡಿಕೆ ತಿರುಗಿಸಿದ, ಕಿವಿಯಿಟ್ಟ, ಹೇರ್‌ಪಿನ್ನು ತುರುಕಿದ. ಹೇರ್‌ಪಿನ್ನು ಮುರಿಯಿತು. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ವ್ಯಾನಿನ ಹಾರ್ನ್ ಕೇಳಿತು. ಮುನಿಲಕ್ಷ್ಮಮ್ಮ ಅಳಲು ಶುರು ಮಾಡಿದರು. ಪೋರ್ಷನ್ನೂ ಹೋಯಿತು, ಮಗಳೂ ದೂರವಾದಳು ಎಂದುಕೊಂಡ ಬಾಳೇಶ ಹಣೆಯನ್ನು ಬೀರುವಿಗೆ ಧಡ್ಡನೆ ಚಚ್ಚಿಕೊಂಡ.

ಬಾಗಿಲು ತೆರೆದುಕೊಂಡಿತು.

ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಸೀರೆಯ ಅಂಚು ಜಾರಿ ಕೆಳಗೆ ಬಿತ್ತು. ಮೇಲಿನ ಅರೆಯಲ್ಲಿ, ಒಡವೆ ಡಬ್ಬಿಯ ಪಕ್ಕದಲ್ಲೇ, ಕೀಗೊಂಚಲು ಕೂತಿತ್ತು.

"ನೋಡ್ರಿ, ಕೀ ಒಳಗ ಐತಿ," ಎಂದ ಬಾಳೇಶ ಹಣೆ ಉಜ್ಜಿಕೊಳ್ಳುತ್ತ. "ಬೀಗಾ ಹಾಕೇ ಇರ್ಲಿಲ್ರಿ. ಸೀರಿ ಸಿಕ್ಕಿ ಬಾಗಲಾ ಬಿಗಿದಿತ್ತು."

"ಕೀ ಒಳಗಿದ್ರೂ ತೆಗೆದ್ರಲ್ಲ, ಅದೇ ಕಣ್ರೀ ವಿದ್ಯೆ," ಎಂದರು ಅಂಜಿನಯ್ಯ. ಸೇರಿದವರೆಲ್ಲ ಚಪ್ಪಾಳೆ ತಟ್ಟಿದರು.

ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ಸುದ್ದಿ ಕೇಳಿದ ಗಂಡಿನ ಕಡೆಯವರೆಲ್ಲ ಲುಂಗಿಯ ಮೇಲೆ ಅಂಜಿನಯ್ಯನವರ ಅಂಗಿ ಹಾಕಿಕೊಂಡಿದ್ದ ಬಾಳೇಶನನ್ನು ಬೆರಗಿನಿಂದ ನೋಡಿದರು, ಆಮೇಲೆ ತಮ್ಮ ತಮ್ಮ ಬ್ಯಾಗುಗಳನ್ನು ಮಡಿಲಿಗೆ ಎಳೆದುಕೊಂಡರು.

ಸಂಜೆ ನಂಜುಂಡಪ್ಪನವರು ಅವನನ್ನು ಪಕ್ಕಕ್ಕೆ ಕರೆದರು. ಕಣ್ಣು ತುಂಬಿತ್ತು. "ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ. ಆದ್ರೆ ಬೇಜಾರ್ ಮಾಡ್ಕೋಬೇಡಿ, ಇಂಥಾ ಕೈ ಮನೇಲಿದ್ರೆ ನಮ್ಮನೆಯವಳಿಗೆ ನಿದ್ದೆ ಬರಲ್ವಂತೆ. ಈ ತಿಂಗಳು ಮುಗೀಲಿ, ನಾಗರಬಾವಿ ಕಡೆ ನಾನೇ ಒಂದು ಮನೆ ನೋಡ್ಕೊಡ್ತೀನಿ. ಊರಿನ ಹೆಸರು ಮಾತ್ರ ಹೇಳ್ಬೇಡಿ."

ಬಾಳೇಶ ಮಹಡಿ ಹತ್ತಿದ. ಬಾಗಿಲು ತಳ್ಳಿದ. ಬೀಗ ಬಿದ್ದಿತ್ತು, ಕೀ ಒಳಗಿತ್ತು. ಮತ್ತೆ ಇಳಿದು ಬಂದು, "ಅಮ್ಮಾರ, ಆ ಇನ್ನೊಂದ್ ಕೀ ಕೊಡ್ರಿ," ಎಂದ.

ಮುನಿಲಕ್ಷ್ಮಮ್ಮ ನಕ್ಕು, ಅವನ ಕೈಗೆ ಎರಡು ಒಬ್ಬಟ್ಟಿಟ್ಟ ತಟ್ಟೆ ಕೊಟ್ಟರು. "ಇಷ್ಟು ದಿನ ಆಡಿದ ನಾಟಕ ಸಾಕು ಬಾಳೇಶಪ್ಪ. ನಿಮಗ್ಯಾಕೆ ಕೀ?"

ಅವರ ಬಾಗಿಲು ಮುಚ್ಚಿ ಒಳಗೆ ಚಿಲಕ ಹಾಕಿದ ಸದ್ದಾಯಿತು, ಅದರ ಮೇಲೆ ಬೀಗ ಹಾಕಿದ ಸದ್ದೂ ಆಯಿತು. ಬಾಳೇಶ ಮೆಟ್ಟಿಲ ಮೇಲೆ ಕೂತು ಒಬ್ಬಟ್ಟು ಮುರಿದ.